ಶೇಂಗಾ ಸುರುಳಿ ಪೂಚಿ: ಹುಳುವಿನ ವಯಸ್ಸು ನೋಡಿ ಔಷಧಿಯ ದಿನ ಗೊತ್ತುಮಾಡುವ ಕ್ರಮ

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು, ಜಗಳೂರು ಕಡೆಯ ಶೇಂಗಾ ಹೊಲಗಳಲ್ಲಿ ಮಘೆ ಮಳೆ ಕೈಕೊಟ್ಟ ವರ್ಷ ಒಂದೇ ಮಾತು ಕೇಳಿಬರುತ್ತದೆ: ಎರಡು ಸಲ ಔಷಧಿ ಹೊಡೆದರೂ ಸುರುಳಿ ಪೂಚಿ ಹೋಗಲಿಲ್ಲ. ಬಹುಪಾಲು ಸಂದರ್ಭದಲ್ಲಿ ತಪ್ಪು ಔಷಧಿಯದಲ್ಲ, ದಿನದ್ದು. ಎಲೆ ಮಡಚಿಕೊಂಡು ಹೊಲ ಸುಟ್ಟಂತೆ ಕಂಡ ಮೇಲೆ ಪಂಪು ಹೆಗಲಿಗೇರುತ್ತದೆ. ಅಷ್ಟು ಹೊತ್ತಿಗೆ ಹುಳು ಮಡಿಕೆಯೊಳಗೆ ಬಲಿತಿರುತ್ತದೆ, ಇಲ್ಲವೇ ಕೋಶವಾಗಿ ಮಲಗಿರುತ್ತದೆ. ಔಷಧಿ ಎಲೆಯ ಹೊರಮೈಗೆ ಬೀಳುತ್ತದೆ, ಹುಳುವಿಗೆ ತಾಗುವುದಿಲ್ಲ. ಹತ್ತು ದಿನ ಕಳೆದು ಹೊಸ ಪೀಳಿಗೆ ಬಂದಾಗ ಆ ಔಷಧಿಯ ಬಲವೂ ಮುಗಿದಿರುತ್ತದೆ.

ಹಾಗಾಗಿ ಮೊದಲು ಕಲಿಯಬೇಕಾದದ್ದು ಹುಳುವಿನ ವಯಸ್ಸು ಓದುವುದನ್ನು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎಣಿಕೆ ಬಿಟ್ಟು ನೇರ ಸಿಂಪಡಣೆಗೆ ಹೋದರೆ ಮತ್ತೆ ಹಳೆಯ ತಪ್ಪಿಗೇ ಬಂದು ನಿಲ್ಲುತ್ತೀರಿ.

ಬೇಕಾಗುವ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಹೊಲಿಗೆ ಸೂಜಿ, ಬಿಳಿ ಹಾಳೆ, ನೋಟ್‌ಬುಕ್, ಪೆನ್ನು. ಡಬ್ಬಿ ಪರೀಕ್ಷೆಗೆ ಅಗಲ ಬಾಯಿಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ತೆಳು ಪಂಚೆ ಬಟ್ಟೆಯ ತುಂಡು, ರಬ್ಬರ್ ಬ್ಯಾಂಡ್, ಸ್ವಲ್ಪ ಹತ್ತಿ. ಬಿತ್ತಿದ ದಿನಾಂಕ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇರಲಿ. ಮುಂದಿನ ಲೆಕ್ಕವೆಲ್ಲ ಆ ದಿನದಿಂದಲೇ.

ಹಂತ 1: ಇದು ಸುರುಳಿ ಪೂಚಿಯೇ ಹೌದೇ?

ಈ ಕೀಟದ ಶಾಸ್ತ್ರೀಯ ಹೆಸರು ಅಪ್ರೊಯೆರೀಮಾ ಮೋಡಿಸೆಲ್ಲಾ. ಎಲೆಯ ಮೇಲ್ಪೊರೆ ಮತ್ತು ಕೆಳಪೊರೆಯ ನಡುವೆ ಸೇರಿಕೊಂಡು ಹಸಿರು ತಿರುಳು ತಿನ್ನುವ ಸಣ್ಣ ಪತಂಗದ ಮರಿ ಇದು. ಮೊದಲು ನಡುನರದ ಪಕ್ಕದಲ್ಲಿ ಸಾಸಿವೆ ಗಾತ್ರದ ಕಂದು ಚುಕ್ಕೆ ಕಾಣುತ್ತದೆ. ಚುಕ್ಕೆ ಹಿಗ್ಗಿ ಬೊಬ್ಬೆಯಂತೆ ಉಬ್ಬುತ್ತದೆ. ಆಮೇಲೆ ದಳ, ಅಂದರೆ ಎಲೆಯ ಆ ಕಿರುಎಲೆ, ಸುಕ್ಕಿ ಮಡಚಿಕೊಳ್ಳುತ್ತದೆ.

ಆ ದಳವನ್ನು ಕಿತ್ತು ಸೂರ್ಯನ ಬೆಳಕಿಗೆ ಅಡ್ಡ ಹಿಡಿಯಿರಿ. ಬೊಬ್ಬೆಯೊಳಗೆ ಕಪ್ಪು ತಲೆಯ ಮರಿಯೂ ಪುಡಿಪುಡಿ ಹಿಕ್ಕೆಯೂ ಕಂಡರೆ ಅನುಮಾನ ಬೇಡ. ಕಾಣದಿದ್ದರೆ ಸೂಜಿಯಿಂದ ಮೇಲ್ಪೊರೆ ಸೀಳಿ ಬಿಳಿ ಹಾಳೆಯ ಮೇಲೆ ಕೊಡವಿ ನೋಡಿ.

ತಪ್ಪು ತಿಳಿಯುವುದು ಹೆಚ್ಚಾಗಿ ಮೂರು ಕಡೆ. ಟಿಕ್ಕಾ ರೋಗದ ಚುಕ್ಕೆ ದುಂಡಗೆ, ಎಲೆಗೆ ಸಮನಾಗಿರುತ್ತದೆ, ಉಬ್ಬುವುದಿಲ್ಲ. ಬೆಳಕಿಗೆ ಹಿಡಿದರೆ ಒಳಗೆ ಪೊಳ್ಳು ಕಾಣುವುದಿಲ್ಲ. ಜಿಗಿ ಹುಳು ರಸ ಹೀರಿದರೆ ದಳದ ತುದಿ ಹಳದಿಯಾಗುತ್ತದೆ, ಹಿಕ್ಕೆ ಇರುವುದಿಲ್ಲ. ಮೂರನೆಯದು ಹಾವು ಹರಿದಂತೆ ಅಂಕುಡೊಂಕಾದ ಬಿಳಿ ಗೆರೆ. ಅದು ನೊಣದ ಜಾತಿಯ ಸುರಂಗ ಹುಳುವಿನ ಕೆಲಸ. ಅದರ ಮರಿಗೆ ಕಾಲಿಲ್ಲ, ಎದ್ದು ಕಾಣುವ ತಲೆಯೂ ಇಲ್ಲ. ಸುರುಳಿ ಪೂಚಿಯ ಮರಿಗೆ ಹೊಳೆಯುವ ಕಪ್ಪು ತಲೆ ಇದ್ದೇ ಇರುತ್ತದೆ.

ಹುಲ್ಲಿನ ಜಾತಿಯ ಎಲೆಯಲ್ಲಿ ಸುರಂಗ ಕೊರೆಯುವ ಪತಂಗಗಳು ಬೇರೆಯೇ ಇವೆ, ಎಲಾಕಿಸ್ಟಿಡೀ ಎಂಬ ಕುಟುಂಬದವು. ಹುಲ್ಲಿನ ನರಗಳು ಉದ್ದುದ್ದಕ್ಕೆ ಹಾದಿರುವುದರಿಂದ ಅವುಗಳ ಸುರಂಗ ನೀಳವಾಗಿ ಸಾಗುತ್ತದೆ. ಶೇಂಗಾ ದಳದಲ್ಲಿ ಸುರುಳಿ ಪೂಚಿಯ ಸುರಂಗ ಬೊಬ್ಬೆಯಾಕಾರಕ್ಕೆ ಬರುತ್ತದೆ. ಭದ್ರಾ ನಾಲೆಯ ಕೆಳಗೆ ಹರಿಹರ, ದಾವಣಗೆರೆ ಸೀಮೆಯ ಭತ್ತದಲ್ಲಿ ಕಾಣುವ ಬಿಳಿ ಪಟ್ಟೆ ಎಲೆ ಸುರುಳಿ ಹುಳು ಹೆರೆದದ್ದು ಅಥವಾ ಹಿಸ್ಪಾ ದುಂಬಿಯದು. ಶೇಂಗಾದ ಪೂಚಿಗೂ ಅದಕ್ಕೂ ಸಂಬಂಧವಿಲ್ಲ.

ಹಂತ 2: ಹುಳುವಿನ ವಯಸ್ಸು ಓದುವುದು

ಇಡೀ ಕೆಲಸದ ಜೀವಾಳ ಇಲ್ಲಿದೆ. ನಿಧಾನವಾಗಿ ಓದಿ, ಸಾಧ್ಯವಾದರೆ ಹೊಲದಲ್ಲಿ ಎಲೆ ಕೈಯಲ್ಲಿ ಹಿಡಿದೇ ಓದಿ.

*ಮೊಟ್ಟೆ, 3ರಿಂದ 4 ದಿನ.* ಹೆಣ್ಣು ಪತಂಗ ಒಂದೊಂದಾಗಿ, ಹೆಚ್ಚಾಗಿ ದಳದ ಅಡಿಭಾಗದಲ್ಲಿ ಹೊಳೆಯುವ ಬಿಳಿ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ನೂರರಿಂದ ಇನ್ನೂರರ ತನಕ ಮೊಟ್ಟೆ ಇಡಬಲ್ಲದು. ಬರಿಗಣ್ಣಿಗೆ ಇವು ಸಿಗುವುದಿಲ್ಲ, ಹುಡುಕುತ್ತ ಹೊತ್ತು ಕಳೆಯಬೇಡಿ.

*ಸುರಂಗದ ಮರಿ, 5ರಿಂದ 6 ದಿನ.* ಮೊಟ್ಟೆಯೊಡೆದ ಮರಿ ಎಲೆಯೊಳಕ್ಕೆ ನುಗ್ಗುತ್ತದೆ. ಹೊರಗೆ ಕಾಣುವುದು ಕಂದು ಚುಕ್ಕೆ, ಆಮೇಲೆ ಚಿಕ್ಕ ಬೊಬ್ಬೆ. ದಳ ಇನ್ನೂ ಚಪ್ಪಟೆಯಾಗಿ, ಹಸಿರಾಗಿಯೇ ಇರುತ್ತದೆ. ದೂರದಿಂದ ನೋಡಿದರೆ ಹೊಲಕ್ಕೆ ಏನೂ ಆಗಿಲ್ಲ ಅನ್ನಿಸುತ್ತದೆ. ಔಷಧಿಗೆ ಸರಿಯಾದ ಕಾಲ ಇದೇ. ಎಲೆಯ ಪೊರೆಯೊಳಕ್ಕೆ ಇಳಿಯುವ ಔಷಧಿ ಇಲ್ಲಿ ಹುಳುವಿಗೆ ಸಿಗುತ್ತದೆ. ಸುರಂಗ ಬಿಟ್ಟು ಹೊರಗೆ ತೆವಳುವ ಒಂದೆರಡು ದಿನ ಅದು ಬಯಲಿಗೂ ಬೀಳುತ್ತದೆ.

*ಮಡಿಕೆಯ ಮರಿ, 5ರಿಂದ 8 ದಿನ.* ಸುರಂಗ ಇಕ್ಕಟ್ಟಾದಾಗ ಮರಿ ಹೊರಬಂದು ಒಂದೇ ದಳವನ್ನು ಮಡಚಿ ಇಲ್ಲವೇ ಪಕ್ಕದ ದಳಗಳನ್ನು ನೂಲಿನಿಂದ ಹೆಣೆದು ಒಳಗೆ ಕೂರುತ್ತದೆ. ಬಲಿತ ಮರಿ 6ರಿಂದ 8 ಮಿಲಿಮೀಟರ್, ತಿಳಿಹಸಿರು. ಮಡಿಕೆ ಬಿಡಿಸಿದರೆ ಚುರುಕಾಗಿ ಮಿಡುಕುತ್ತದೆ. ಕೆಲವು ಮರಿಗಳ ಬೆನ್ನಿನ ಹಿಂಭಾಗದಲ್ಲಿ ನಸುಗೆಂಪು ಮಚ್ಚೆ ಕಾಣುತ್ತದೆ. ಅದು ಬೇರೆ ಕೀಟವಲ್ಲ, ಇದೇ ಪೂಚಿಯ ಗಂಡು ಮರಿ. ಅತಿ ಹೆಚ್ಚು ಎಲೆ ತಿನ್ನುವುದು ಈ ವಯಸ್ಸಿನಲ್ಲಿ, ಔಷಧಿಗೆ ಸಿಗದಿರುವುದೂ ಈ ವಯಸ್ಸಿನಲ್ಲೇ.

*ಕೋಶ, 4ರಿಂದ 6 ದಿನ.* ಮಡಿಕೆಯೊಳಗೇ ಕೋಶ ಕಟ್ಟುತ್ತದೆ. ಮೊದಲು ಹಸಿರು, ನಂತರ ಕೆಂಪುಗಂದು. ಮೇಯುವುದಿಲ್ಲ, ಔಷಧಿಗೂ ಜಗ್ಗುವುದಿಲ್ಲ.

*ಪತಂಗ.* ಬೂದುಗಂದು ಬಣ್ಣ, ಸುಮಾರು 6 ಮಿಲಿಮೀಟರ್ ಉದ್ದ. ಮುಂದಿನ ರೆಕ್ಕೆಯ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ ಇರುತ್ತದೆ, ಇದೇ ಗುರುತು. ಹಗಲು ಗಿಡದ ಬುಡದಲ್ಲಿ ಅಡಗಿ ರಾತ್ರಿ ಹಾರುತ್ತದೆ, ದೀಪಕ್ಕೆ ಬರುತ್ತದೆ. ಹೊರಬಂದ ಒಂದೆರಡು ದಿನದಲ್ಲೇ ಮೊಟ್ಟೆ ಇಡಲು ಶುರುಮಾಡುತ್ತದೆ.

ಎಲ್ಲ ಕೂಡಿಸಿದರೆ ಆಗಸ್ಟ್, ಸೆಪ್ಟೆಂಬರಿನ ಹವೆಯಲ್ಲಿ ಒಂದು ಸುತ್ತಿಗೆ ಸುಮಾರು ಮೂರೂವರೆ ವಾರ. ಚಳಿಗಾಲದಲ್ಲಿ ಇದು 40 ದಿನದ ಹತ್ತಿರ ಹೋಗುತ್ತದೆ. ಒಂದು ಮುಂಗಾರು ಬೆಳೆಯಲ್ಲಿ ಮೂರು ಪೀಳಿಗೆ, ಕೆಲವೊಮ್ಮೆ ನಾಲ್ಕು. ಪುನರ್ವಸು ಮಳೆಗೆ ಜುಲೈ 10ರ ಹೊತ್ತಿಗೆ ಬಿತ್ತಿದ್ದೀರಿ ಎಂದಿಟ್ಟುಕೊಳ್ಳಿ. ಮೊದಲ ಪೀಳಿಗೆಯ ಚುಕ್ಕೆ ಜುಲೈ ಕೊನೆ, ಆಗಸ್ಟ್ ಮೊದಲ ವಾರದಲ್ಲಿ ಕಾಣುತ್ತದೆ. ಗಿಡಕ್ಕೆ ಒಂದೋ ಎರಡೋ, ಯಾರೂ ಲೆಕ್ಕಕ್ಕಿಡುವುದಿಲ್ಲ. ಎರಡನೆಯದು ಆಗಸ್ಟ್ ಕೊನೆಗೆ, ಹೂವು ತುಂಬಿರುವಾಗ. ಹೊಲ ಸುಡುವುದು ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ಪೀಳಿಗೆ. ಮೊದಲನೆಯದನ್ನು ಬರೆದಿಟ್ಟವರಿಗೆ ಎರಡನೆಯದು ಯಾವ ವಾರ ಬರುತ್ತದೆಂದು ಮೊದಲೇ ಗೊತ್ತಿರುತ್ತದೆ.

ಹಂತ 3: ಎಣಿಕೆ

ಬಿತ್ತಿದ 15ನೇ ದಿನದಿಂದ ವಾರಕ್ಕೊಮ್ಮೆ, ಮಳೆ ನಿಂತು ಹತ್ತು ದಿನ ಬಿಸಿಲು ಕಾದರೆ ವಾರಕ್ಕೆ ಎರಡು ಸಲ ಎಣಿಸಿ. ಜೋರು ಮಳೆ ಈ ಪೂಚಿಯನ್ನು ತಗ್ಗಿಸುತ್ತದೆ, ಒಣ ಹವೆ ಏರಿಸುತ್ತದೆ. ಮಘೆ, ಹುಬ್ಬೆ ಎರಡೂ ಹುಸಿಯಾದ ವರ್ಷ ಅದರ ಬಾಧೆ ಹೆಚ್ಚುವುದು ಅದಕ್ಕೇ.

1. ಬದುವಿನ ಪಕ್ಕದ ಐದು ಸಾಲು ಬಿಟ್ಟು ಒಳಗೆ ನಡೆಯಿರಿ. ಎಕರೆಗೆ ಐದು ಜಾಗ, ಒಂದೊಂದು ಜಾಗದಲ್ಲಿ ಐದು ಗಿಡ, ಒಟ್ಟು 25 ಗಿಡ. ಬಾಧೆ ಕಂಡ ಗಿಡವನ್ನೇ ಆರಿಸಬೇಡಿ. ಹೆಜ್ಜೆ ನಿಂತ ಕಡೆ ಕೈಗೆ ಸಿಕ್ಕ ಗಿಡ ಸಾಕು.

2. ಪ್ರತಿ ಗಿಡದ ಬೊಬ್ಬೆ, ಮಡಿಕೆ ಎಲ್ಲವನ್ನೂ ಬಿಡಿಸಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಂಬ ಎಳೆಯಿರಿ: ಸುರಂಗದ ಮರಿ, ಮಡಿಕೆಯ ಮರಿ, ಕೋಶ, ಸತ್ತದ್ದು ಅಥವಾ ಖಾಲಿ.

3. ಮೊದಲೆರಡು ಕಂಬ ಕೂಡಿಸಿ 25ರಿಂದ ಭಾಗಿಸಿ. ಅದೇ ಗಿಡಕ್ಕೆ ಎಷ್ಟು ಜೀವಂತ ಮರಿ ಎಂಬ ಅಂಕಿ. 140 ಸಿಕ್ಕರೆ ಗಿಡಕ್ಕೆ 5.6.

ಇಲ್ಲಿ ಆಗುವ ದೊಡ್ಡ ತಪ್ಪು, ಮಡಚಿದ ಎಲೆಯನ್ನು ಎಣಿಸಿ ಹುಳು ಎಣಿಸಿದೆ ಎಂದುಕೊಳ್ಳುವುದು. ಹುಳು ಬಿಟ್ಟುಹೋದ ಮಡಿಕೆ ಗಿಡದಲ್ಲಿ ಹಾಗೇ ಉಳಿಯುತ್ತದೆ. ಎಷ್ಟೋ ಹೊಲಗಳಲ್ಲಿ ಖಾಲಿ ಮಡಿಕೆಗೆ ಔಷಧಿ ಹೊಡೆದಿರುತ್ತಾರೆ. ಬಿಡಿಸಿ ನೋಡದೆ ಒಂದನ್ನೂ ಬರೆಯಬೇಡಿ.

ಇಷ್ಟರ ಜೊತೆಗೆ ಮೋಹಕ ಬಲೆ, ಅಂದರೆ ಹೆಣ್ಣು ಪತಂಗದ ವಾಸನೆಯ ಗುಳಿಗೆಯಿಂದ ಗಂಡನ್ನು ಸೆಳೆಯುವ ಬಲೆ, ಇಟ್ಟರೆ ಒಳ್ಳೆಯದು. ಸುರುಳಿ ಪೂಚಿಯ ಮೋಹಕ ಗುಳಿಗೆಯೆಂದು ಕೇಳಿಯೇ ತನ್ನಿ. ಲದ್ದಿ ಹುಳುವಿನ ಗುಳಿಗೆಗೆ ಇದು ಬೀಳುವುದಿಲ್ಲ. ಎಕರೆಗೆ ಎರಡು ಬಲೆ ನಿಗಾಕ್ಕೆ ಸಾಕು. ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ, ಅದರಿಂದ ಹುಳು ಹತೋಟಿಗೆ ಬಂತೆಂದು ತಿಳಿಯಬಾರದು. ಬೀಳುವ ಸಂಖ್ಯೆ ಒಮ್ಮೆಲೇ ಏರಿದ ದಿನವನ್ನು ಗುರುತು ಹಾಕಿ. ಅಲ್ಲಿಂದ ನಾಲ್ಕೈದು ದಿನಕ್ಕೆ ಹೊಸ ಚುಕ್ಕೆ ಹುಡುಕಲು ಹೊಲಕ್ಕಿಳಿಯಿರಿ.

ಹಂತ 4: ಡಬ್ಬಿ ಪರೀಕ್ಷೆ

ಈ ಹುಳುವನ್ನು ತಿಂದು ಬದುಕುವ ಸಣ್ಣ ಕಣಜಗಳು ಬಹಳ. ಗೋನಿಯೋಜಸ್, ಅಪಾಂಟೆಲಿಸ್, ಬ್ರಾಕಾನ್, ಸ್ಟೆನೊಮೆಸಿಯಸ್ ಮುಖ್ಯವಾದವು. ಇವು ಹೊಲದಲ್ಲಿ ಎಷ್ಟಿವೆಯೆಂದು ಡಬ್ಬಿ ಹೇಳುತ್ತದೆ. ಇದನ್ನು ಮಕ್ಕಳಾಟವೆಂದು ಬಿಡಬೇಡಿ. ಒಂದು ಸಿಂಪಡಣೆಯ ಖರ್ಚು ಉಳಿಯುವುದು ಎಷ್ಟೋ ಸಲ ಇಲ್ಲೇ.

ದೊಡ್ಡ ಮರಿ ಅಥವಾ ಕೋಶ ಇರುವ 20 ಮಡಿಕೆಗಳನ್ನು ತೊಟ್ಟು ಸಮೇತ ಕಿತ್ತುಕೊಳ್ಳಿ. ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ, ಡಬ್ಬಿಯ ತಳಕ್ಕೆ ಹಾಳೆ ಹಾಸಿ, ಒಂದರ ಮೇಲೊಂದು ಬೀಳದಂತೆ ಇಡಿ. ಬಾಯಿಗೆ ಬಟ್ಟೆ ಕಟ್ಟಿ ರಬ್ಬರ್ ಹಾಕಿ. ನೆರಳಿನಲ್ಲಿ, ಇರುವೆ ಹತ್ತದ ಕಡೆ ಇರಲಿ. ಡಬ್ಬಿಯನ್ನು ನೀರು ತುಂಬಿದ ತಟ್ಟೆಯ ನಡುವೆ ಕಲ್ಲಿನ ಮೇಲಿಟ್ಟರೆ ಇರುವೆ ಬರುವುದಿಲ್ಲ.

ದಿನಕ್ಕೊಮ್ಮೆ ನೋಡಿ. ಒಳಗೋಡೆಗೆ ನೀರಹನಿ ಕಟ್ಟಿದ್ದರೆ ಒರೆಸಿ, ಹಿಕ್ಕೆಗೆ ಬೂಷ್ಟು ಬಂದಿದ್ದರೆ ಹಾಳೆ ಬದಲಿಸಿ. ಪ್ಲಾಸ್ಟಿಕ್ ಮುಚ್ಚಳ ಬಿಗಿದಿಟ್ಟರೆ ಎರಡೇ ದಿನಕ್ಕೆ ಎಲ್ಲ ಕೊಳೆಯುತ್ತದೆ. ಡಬ್ಬಿ ಕೆಡಲು ಮೊದಲ ಕಾರಣ ಅದೇ. ಎರಡನೆಯ ಕಾರಣ ಚಿಕ್ಕ ಮರಿ ತರುವುದು. ಕಿತ್ತ ಎಲೆ ಬಾಡಿದರೆ ಸುರಂಗದ ಮರಿ ಹಸಿದು ಸಾಯುತ್ತದೆ.

ಕೆಲವೇ ದಿನಗಳಲ್ಲಿ ಎರಡರಲ್ಲಿ ಒಂದು ಹೊರಬರುತ್ತದೆ. ರೆಕ್ಕೆಯ ಅಂಚಿಗೆ ಬಿಳಿ ಚುಕ್ಕೆ ಇರುವ ಪತಂಗ, ಇಲ್ಲವೇ ತೆಳು ರೆಕ್ಕೆಯ, ಎರಡು ಮೂರು ಮಿಲಿಮೀಟರಿನ ಕಪ್ಪು ಕಣಜ. ಒಣಗಿದ ಹುಳುವಿನ ಪಕ್ಕ ಅಕ್ಕಿ ನುಚ್ಚಿನಂಥ ಸಣ್ಣ ಗೂಡುಗಳಿದ್ದರೆ ಅದೂ ಕಣಜದ್ದೇ. ಹೊರಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕಣಜವಾದರೆ, ಎಣಿಕೆ ಔಷಧಿ ಹೊಡೆಯುವ ಗಡಿಯ (ಹಂತ 5ರಲ್ಲಿದೆ) ಹತ್ತಿರವಿದ್ದರೂ ಮೂರ್ನಾಲ್ಕು ದಿನ ಕಾದು ಮತ್ತೊಮ್ಮೆ ಎಣಿಸುವುದೇ ಜಾಣತನ.

ಹಂತ 5: ಹೊಡೆಯಬೇಕೇ, ಕಾಯಬೇಕೇ?

ಗಡಿ ಅಂಕಿ ಬೆಳೆಯ ವಯಸ್ಸಿನ ಮೇಲೆ ಬದಲಾಗುತ್ತದೆ. 30 ದಿನದ ಆಸುಪಾಸಿನ ಬೆಳೆಯಲ್ಲಿ ಗಿಡಕ್ಕೆ 5 ಜೀವಂತ ಮರಿ. 50 ದಿನದ ಹೊತ್ತಿಗೆ, ಹೂವು ತುಂಬಿರುವಾಗ, 10. ಕಾಯಿ ತುಂಬುವ 75 ದಿನದ ಸುಮಾರಿಗೆ 15. ನಡುವಿನ ದಿನಕ್ಕೆ ನಡುವಿನ ಅಂಕಿ ಹಿಡಿಯಿರಿ. ಇದರ ಕೆಳಗಿದ್ದರೆ ಗಿಡ ಹೊಸ ಎಲೆ ಬಿಟ್ಟು ಸುಧಾರಿಸಿಕೊಳ್ಳುತ್ತದೆ.

ಅಂಕಿ ಗಡಿ ದಾಟಿದೆ, ಸುರಂಗದ ಮರಿಗಳೇ ಹೆಚ್ಚು. ಎರಡು ಮೂರು ದಿನದೊಳಗೆ ಹೊಡೆಯಿರಿ.

ಅಂಕಿ ಗಡಿ ದಾಟಿದೆ, ಆದರೆ ಕಂಬದಲ್ಲಿ ಬಲಿತ ಮಡಿಕೆಯ ಮರಿ, ಕೋಶಗಳೇ ತುಂಬಿವೆ. ಈಗ ಹೊಡೆದರೆ ದುಡ್ಡು ಮಣ್ಣುಪಾಲು, ಕಣಜಗಳೂ ಹಾಳು. ಲೆಕ್ಕ ಹಾಕಿ: ಕೋಶಕ್ಕೆ 5 ದಿನ, ಪತಂಗ ಮೊಟ್ಟೆ ಇಡಲು 2 ದಿನ, ಮೊಟ್ಟೆಯೊಡೆಯಲು 4 ದಿನ. ಅಂದರೆ ಹತ್ತು ಹನ್ನೊಂದು ದಿನಕ್ಕೆ ಮುಂದಿನ ಪೀಳಿಗೆಯ ಮರಿ ಸುರಂಗ ಸೇರುತ್ತದೆ. ನೋಟ್‌ಬುಕ್ಕಿನಲ್ಲಿ ಆ ದಿನಾಂಕ ಬರೆದು, ಅಂದು ಮತ್ತೆ ಎಣಿಸಿ ತೀರ್ಮಾನ ಮಾಡಿ. ಸುತ್ತಲಿನ ಹೊಲದವರು ಹೊಡೆಯುತ್ತಿರುವಾಗ ಸುಮ್ಮನಿರುವುದು ಮನಸ್ಸಿಗೆ ಕಷ್ಟ. ಆದರೂ ಈ ಹತ್ತು ದಿನದ ತಾಳ್ಮೆಯೇ ಕೆಲಸಕ್ಕೆ ಬರುವ ಸಿಂಪಡಣೆಯನ್ನು ಕೊಡುತ್ತದೆ.

ಎಲ್ಲ ವಯಸ್ಸಿನವೂ ಕಲಸಿಕೊಂಡಿದ್ದರೆ ಒಂದು ಸಲಕ್ಕೆ ಮುಗಿಯುವುದಿಲ್ಲ. ಸುರಂಗದ ಮರಿ ಅರ್ಧದಷ್ಟಿರುವ ದಿನ ಹೊಡೆದು ಹತ್ತನೆಯ ದಿನ ಮತ್ತೆ ಎಣಿಸಿ. ಎಣಿಕೆಯ ಮರುದಿನ ಒಳ್ಳೆಯ ಮಳೆ ಬಿದ್ದರೆ ಹಳೆಯ ಅಂಕಿ ಬಿಟ್ಟು ಎರಡು ದಿನದ ಮೇಲೆ ಹೊಸದಾಗಿ ಎಣಿಸಬೇಕು.

ಹಂತ 6: ಸಿಂಪಡಣೆ

ಎಣಿಕೆ ಗಡಿಗಿಂತ ಕೆಳಗಿದ್ದು ಪತಂಗ ಏರುತ್ತಿದ್ದರೆ ಶೇಕಡಾ 5ರ ಬೇವಿನ ಬೀಜದ ಕಷಾಯ ಸಾಕು. ಎಕರೆಗೆ 10 ಕೆಜಿ ಬೇವಿನ ಬೀಜದ ತಿರುಳನ್ನು ಪುಡಿಮಾಡಿ, ಬಟ್ಟೆಯಲ್ಲಿ ಕಟ್ಟಿ, 20 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಹಿಂಡಿ ಸೋಸಿ, 200 ಗ್ರಾಂ ಸೋಪು ಕರಗಿಸಿ, 200 ಲೀಟರಿಗೆ ನೀರು ಸೇರಿಸಿ. ಮಾಡಿದ ದಿನವೇ, ಬಿಸಿಲಿಳಿದ ಮೇಲೆ ಹೊಡೆಯಿರಿ. ಬಿಸಿಲಿಗೆ ಬೇವಿನ ಸತ್ವ ಬೇಗ ಕೆಡುತ್ತದೆ. ಬೂಷ್ಟು ಹಿಡಿದ ಹಳೆಯ ಬೀಜದಿಂದ ಏನೂ ಸಿಗುವುದಿಲ್ಲ. ಮಡಿಕೆಯೊಳಗಿನ ಬಲಿತ ಹುಳುವಿಗೆ ಇದನ್ನು ನೆಚ್ಚಬೇಡಿ.

ಗಡಿ ದಾಟಿದಾಗ ಸಾಮಾನ್ಯವಾಗಿ ಶಿಫಾರಸಾಗುವುದು ಕ್ವಿನಾಲ್‌ಫಾಸ್ 25 ಇಸಿ, ಲೀಟರ್ ನೀರಿಗೆ 2 ಮಿಲಿ. 16 ಲೀಟರಿನ ಟ್ಯಾಂಕಿಗೆ 32 ಮಿಲಿ. ಯಾವ ಔಷಧಿ ಕೊಂಡರೂ ಬಾಟಲಿಯ ಚೀಟಿಯಲ್ಲಿ ಶೇಂಗಾ ಬೆಳೆಯ ಹೆಸರಿದೆಯೇ ನೋಡಿ. ಗೊತ್ತಾಗದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲೋ ಹಿರಿಯೂರಿನ ಬಬ್ಬೂರು ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಮಡಿಕೆಯ ಎಲೆ ತೋರಿಸಿ ಕೇಳಿ. ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ.

ಸಾಲು ಕೂಡಿದ ಬೆಳೆಗೆ ಎಕರೆಗೆ 200 ಲೀಟರ್ ನೀರು ಬೇಕು, ಅಂದರೆ ಹನ್ನೆರಡು ಹದಿಮೂರು ಟ್ಯಾಂಕು. ಐದಾರು ಟ್ಯಾಂಕಿನಲ್ಲಿ ಎಕರೆ ಮುಗಿಸಿದರೆ ಮೇಲಿನ ಎಲೆ ಮಾತ್ರ ಒದ್ದೆಯಾಗುತ್ತದೆ. ನೀರು ಉಳಿಸಲು ಔಷಧಿ ದುಪ್ಪಟ್ಟು ಹಾಕುವುದು ಇನ್ನೂ ಕೆಟ್ಟದ್ದು. ಎಲೆ ಸುಡುತ್ತದೆ, ಕೆಳಗಿನ ಹುಳು ಉಳಿಯುತ್ತದೆ. ನಾಜಲ್ಲಿನಿಂದ ಹನಿ ಸಣ್ಣಗೆ ಬರಬೇಕು, ದಪ್ಪ ಧಾರೆ ಬಂದರೆ ಕಣ್ಣು ಸವೆದಿದೆ, ಬದಲಿಸಿ. ಅಂಗಡಿಯಲ್ಲಿ ಕೊಟ್ಟ ಮೂರು ನಾಲ್ಕು ಬಾಟಲಿಗಳನ್ನು ಒಂದೇ ಟ್ಯಾಂಕಿಗೆ ಸುರಿಯಬೇಡಿ. ಯಾವುದು ಕೆಲಸ ಮಾಡಿತು, ಯಾವುದು ಎಲೆ ಸುಟ್ಟಿತು ಎಂದು ಆಮೇಲೆ ಹೇಳಲಾಗುವುದಿಲ್ಲ.

ಗಾಳಿ ಇಲ್ಲದ ಬೆಳಿಗ್ಗೆ ಅಥವಾ ಸಂಜೆ, ಕೈಗವಸು, ಮುಖಕ್ಕೆ ಬಟ್ಟೆ, ತುಂಬುತೋಳಿನ ಅಂಗಿ. ಹೊಡೆಯುವಾಗ ಬಾಯಲ್ಲಿ ಜೊಲ್ಲು, ವಾಂತಿ, ವಿಪರೀತ ಬೆವರು, ಕಣ್ಣು ಮಂಜಾಗುವುದು ಕಂಡರೆ ಕೆಲಸ ನಿಲ್ಲಿಸಿ, ಬಟ್ಟೆ ಬದಲಿಸಿ, ಸೋಪು ಹಾಕಿ ಮೈ ತೊಳೆದು, ಬಾಟಲಿಯ ಚೀಟಿಯೊಂದಿಗೆ ತಕ್ಷಣ ಆಸ್ಪತ್ರೆಗೆ ಹೋಗಿ. ಹೊಡೆದ ಹೊಲಕ್ಕೆ ಕುರಿ, ದನ ಬಿಡಬೇಡಿ. ಬಳ್ಳಿಯನ್ನು ಮೇವಿಗೆ ಬಳಸುವವರು ಚೀಟಿಯಲ್ಲಿ ಹೇಳಿದ ಅಂತರ ದಾಟಿದ ಮೇಲೆಯೇ ಬಳಸಬೇಕು.

ನಾಲ್ಕನೆಯ ದಿನ ಅದೇ ರೀತಿ 25 ಗಿಡ ಎಣಿಸಿ. ಸುರಂಗದೊಳಗೆ ಕಪ್ಪಾಗಿ ಒಣಗಿದ ಮರಿ ಕಾಣಬೇಕು. ಹಳೆಯ ಕಂದು ಮಡಿಕೆಗಳು ಹಸಿರಾಗಿ ತಿರುಗುವುದಿಲ್ಲ, ಅದನ್ನು ನೋಡಿ ಗಾಬರಿಯಾಗಿ ಮತ್ತೆ ಹೊಡೆಯಬೇಡಿ. ಸುಳಿಯ ಹೊಸ ಎಲೆ ಚುಕ್ಕೆಯಿಲ್ಲದೆ ಬಂದರೆ ಕೆಲಸ ಆಗಿದೆ.

ಹಂತ 7: ಆಸರೆ ಗಿಡಗಳ ಲೆಕ್ಕ

ಶೇಂಗಾ ಕಿತ್ತ ಮೇಲೆ ಪೂಚಿ ಎಲ್ಲಿಗೆ ಹೋಗುತ್ತದೆ ಎಂಬುದು ಮುಂದಿನ ವರ್ಷದ ಪ್ರಶ್ನೆ. ಅದು ಬಹುಮಟ್ಟಿಗೆ ದ್ವಿದಳ ಜಾತಿಯನ್ನೇ ನೆಚ್ಚಿದೆ. ಶೇಂಗಾ ಬಿಟ್ಟರೆ ಅದಕ್ಕೆ ತುಂಬ ಒಗ್ಗುವುದು ಸೋಯಾ ಅವರೆ. ತೊಗರಿ, ಹೆಸರು, ಅವರೆ, ಮೇವಿನ ಲೂಸರ್ನ್ ಮೇಲೂ ಬದುಕುತ್ತದೆ. ಕಳೆಗಳಲ್ಲಿ ಬಾವಂಚಿ ಮುಖ್ಯ. ಬದುವಿನಲ್ಲಿ ಬಾವಂಚಿ ಇದ್ದರೆ ಅದರ ಎಲೆ ಬಿಡಿಸಿ ನೋಡಿ, ಹೊಲಕ್ಕಿಂತ ಮೊದಲು ಹುಳು ಅಲ್ಲಿ ಸಿಗಬಹುದು. ನೀಲಿ ಗಿಡದ ಜಾತಿಯ, ಮೈತುಂಬ ಕೂದಲಿರುವ ಕಳೆಯೂ ಆಸರೆ ಕೊಡುತ್ತದೆ.

ಬೋರ್‌ವೆಲ್ ಕೆಳಗೆ ಬೇಸಿಗೆ ಶೇಂಗಾ ಇರುವ ಊರುಗಳಲ್ಲಿ ಸರಪಳಿ ಕಡಿಯುವುದೇ ಇಲ್ಲ. ಮುಂಗಾರಿನಿಂದ ಬೇಸಿಗೆಗೆ, ಬೇಸಿಗೆಯಿಂದ ಮುಂಗಾರಿಗೆ ಹುಳು ದಾಟುತ್ತ ಹೋಗುತ್ತದೆ. ಅಂಥ ಕಡೆ ಮೋಹಕ ಬಲೆಯನ್ನು ಬಿತ್ತಿದ ಹತ್ತನೆಯ ದಿನಕ್ಕೇ ಇಡಬೇಕು. ಕಿತ್ತಾಗ ನೆಲದಲ್ಲೇ ಉಳಿದ ಕಾಯಿ ಮೊದಲ ಮಳೆಗೆ ಮೊಳೆತು ಗಿಡವಾಗುತ್ತದೆ. ಕೂರಿಗೆ ಹೂಡುವ ಎರಡು ವಾರ ಮೊದಲೇ ಅವನ್ನು ಹರಗಿ ತೆಗೆಯಿರಿ. ಬಿತ್ತನೆಯಾದ ಮೇಲೆ ಕಿತ್ತರೆ ಅದರಲ್ಲಿದ್ದ ಪತಂಗ ಆಗಲೇ ಹೊಸ ಸಾಲಿಗೆ ಹಾರಿರುತ್ತದೆ.

ಜೋಳ, ಸಜ್ಜೆ, ರಾಗಿ, ನವಣೆ, ಮೆಕ್ಕೆಜೋಳದ ಮೇಲೆ ಈ ಪೂಚಿ ಬೆಳೆಯುವುದಿಲ್ಲ. ಬೆಳೆ ಬದಲಿಸುವಾಗ ಶೇಂಗಾ ಆದಮೇಲೆ ಸೋಯಾ ಹಾಕಿದರೆ ಬದಲಿಸಿದಂತಾಗುವುದಿಲ್ಲ, ಸಿರಿಧಾನ್ಯ ಹಾಕಿ. ಅಕ್ಕಡಿಗೆ, ಅಂದರೆ ಶೇಂಗಾದ ನಡುವಿನ ಸಾಲಿಗೆ, ತೊಗರಿ ಇಡುವ ವಾಡಿಕೆ ನಮ್ಮ ಕಡೆ ಗಟ್ಟಿ, ಅದನ್ನು ಬಿಡಬೇಕಿಲ್ಲ. ಎಣಿಸುವ ದಿನ ಆ ಸಾಲಿನ ಎಳೆ ಎಲೆಯನ್ನೂ ನೋಡಿದರಾಯಿತು. ಪೂಚಿ ಪ್ರತಿವರ್ಷ ಕಾಡುವ ಹೊಲದಲ್ಲಿ ನಾಲ್ಕು ಸಾಲು ಶೇಂಗಾಕ್ಕೆ ಒಂದು ಸಾಲು ಸಜ್ಜೆ ಅಕ್ಕಡಿ ಇಡಿ. ಸಜ್ಜೆಯ ಸಾಲು ಕಣಜಗಳಿಗೆ ನೆಲೆ ಕೊಡುತ್ತದೆ, ಅಂಥ ಹೊಲದಲ್ಲಿ ಪೂಚಿಯ ಬಾಧೆ ತಗ್ಗುತ್ತದೆ. ಸಜ್ಜೆಯನ್ನು ಶೇಂಗಾದ ಜೊತೆ ಅದೇ ದಿನ ಬಿತ್ತಬೇಕು. ಹದಿನೈದು ದಿನ ತಡವಾದರೆ ಶೇಂಗಾ ಹಬ್ಬಿ ಅದನ್ನು ಮೇಲೇಳಲು ಬಿಡುವುದಿಲ್ಲ.